ಗುತ್ತಿಗೆಯ ಆಳೂ ದ್ವಾರದ ಪುಸ್ತಕವೂ

ಆಂಟಾಪ್ ಹಿಲ್ಲಿನಿಂದ ವಡಾಲದ ಕಡೆಗೆ ನಡೆದರೆ ಬಂದರು ಸಂಸ್ಥೆಯ ನೌಕರರ ವಸತಿಗಳೂ ಅದರ ಆಸ್ಪತ್ರೆಯೂ ಸಿಗುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಮುಂಬಯಿಯ ಗೋದಿಗಳು. (ಮರಾಠಿಯಲ್ಲಿ ಗೋದಿ ಎಂದರೆ ಹಡಗುಕಟ್ಟೆ, ಊರಿನಿಂದ ಹೊಸದಾಗಿ ಬಂದ ನಮ್ಮವರು ಅದನ್ನು ಚಪಾತಿಯ ಗೋಧಿಯೆಂದು ತಿಳಿಯುವುದುಂಟು.) ತನ್ನ ಸಂಬಳದ ಪಟ್ಟಿಯಲ್ಲಿಲ್ಲದ ಆಳನ್ನು ಒಂದು ಸಂಸ್ಥೆಯು ಹೇಗೆ ಸೇರಿಸಿಕೊಳ್ಳಬೇಕು, ಹೇಗೆ ಒಳಬಿಡಬೇಕು, ಹೇಗೆ ಬೀಳ್ಕೊಡಬೇಕು ಎಂಬ ಪ್ರಶ್ನೆಯನ್ನು ಈ ನಗರವು ಮೊದಲು ಎದುರಿಸಿದ ಸ್ಥಳಗಳಲ್ಲಿ ಈ ಗೋದಿಗಳೂ ಸೇರಿವೆ.

ಹಿಂದೆ ದಡದ ಕೆಲಸಕ್ಕೆ ಆಳುಗಳನ್ನು ಒದಗಿಸುತ್ತಿದ್ದವರು ಟೋಳಿವಾಲರು. ಸಂಸ್ಥೆಗೆ ಟೋಳಿವಾಲನ ಪರಿಚಯ; ಆಳಿನ ಪರಿಚಯ ಟೋಳಿವಾಲನಿಗೆ ಮಾತ್ರ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಗೋದಿಯಲ್ಲಿ ಸಿಡಿಮದ್ದು ತುಂಬಿದ್ದ ‘ಫೋರ್ಟ್ ಸ್ಟೈಕಿನ್’ ಹಡಗು ಸ್ಫೋಟಗೊಂಡಿತು. ಮಡಿದವರ ಸಂಖ್ಯೆಯನ್ನು ಒಬ್ಬರು 800 ಎಂದರೆ ಇನ್ನೊಬ್ಬರು 1300 ಎನ್ನುತ್ತಾರೆ. ಈ ಅಂತರಕ್ಕೆ ಕಾರಣಗಳು ಹಲವಿರಬಹುದು. ಆದರೆ ಆ ಬೆಳಗ್ಗೆ ಒಳಹೋದ ದಿನಗೂಲಿಗಳ ಹೆಸರು ಬರೆದಿಟ್ಟ ಪುಸ್ತಕವಿಲ್ಲದಿದ್ದುದು ಅವುಗಳಲ್ಲೊಂದೆಂದು ನನ್ನ ಊಹೆ.

ಗಿರಣಿಗಳಲ್ಲಿ 1935ರಲ್ಲಿಯೇ ಮಾಲಿಕರ ಸಂಘವು ಬದಲಿ ಕೆಲಸಗಾರರಿಗೆ ಕಾರ್ಡು ಕೊಡುವ ಪದ್ಧತಿಯನ್ನು ತಂದಿತ್ತು. ಗೋದಿಗಳಿಗೆ 1948ರಲ್ಲಿ ಕಾಯಿದೆ, 1951ರಲ್ಲಿ ಮುಂಬಯಿಯ ಯೋಜನೆ ಬಂದವು. ಹೆಸರು ನೋಂದಾಯಿಸಿದ ಆಳಿಗೆ ಸರದಿಯಂತೆ ಕೆಲಸ ದೊರೆಯತೊಡಗಿತು. ಮಧ್ಯವರ್ತಿಯ ಕೃಪೆಯ ಸ್ಥಾನಕ್ಕೆ ಪುಸ್ತಕ ಬಂದಿತು.

ಇಂದು ಟೋಳಿವಾಲನಿಲ್ಲ, ‘ಏಜೆನ್ಸಿ’ ಇದೆ. ಕಸ ಗುಡಿಸುವವನು, ವಿದ್ಯುತ್ತಿನ ಕೆಲಸದವನು, ಗಣಕಯಂತ್ರ ದುರಸ್ತಿಯವನು, ಕಾವಲುಗಾರನು, ಎಲ್ಲರೂ ಹೊರಗುತ್ತಿಗೆಯವರೇ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಕೇಂದ್ರ ನಿಯಮಗಳಂತೆ, ಸೇರಿದ ಮೂರು ದಿನಗಳೊಳಗೆ ಆಳಿಗೆ ಉದ್ಯೋಗದ ಕಾರ್ಡು, ಬಿಡುವಾಗ ಸೇವಾ ಪ್ರಮಾಣಪತ್ರ ಸಲ್ಲಬೇಕಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಂಹಿತೆ ಜಾರಿಯಲ್ಲಿದೆ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕೆಂಬ ತತ್ವವು ಹಳೆಯದರಲ್ಲಿದ್ದಂತೆ ಹೊಸದರಲ್ಲಿಯೂ ಉಳಿದಿದೆ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೂಲಿ ಸಲ್ಲಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ಎರಡು ದಿನ! ಆದರೆ ಯಾವ ದಿನದಿಂದ ಎಣಿಸುವುದು? ತೊಡಕಿರುವುದು ಇಲ್ಲಿಯೇ. ಒಳಬರುವವನ ಭಾವಚಿತ್ರ, ಬೆರಳಚ್ಚು, ಚೀಲದ ತಪಾಸಣೆ, ಎಲ್ಲಕ್ಕೂ ಜನರಿದ್ದಾರೆ. ಬಿಟ್ಟುಹೋಗುವವನ ದಿನಾಂಕ ಬರೆಯಲು ಯಾರೂ ಇಲ್ಲ. ನಾನು ಕಂಡ ಒಂದು ಕಟ್ಟಡದಲ್ಲಿ ಪ್ರವೇಶದ ಅಂಕಣ ತುಂಬಿತ್ತು, ನಿರ್ಗಮನದ ಅಂಕಣ ಬರಿದಾಗಿತ್ತು. ಮೂರು ತಿಂಗಳ ಹಿಂದೆ ಹೋದವನ ಪಾಸು ಇನ್ನೂ ಬಾಗಿಲು ತೆರೆಯುತ್ತಿತ್ತು. ಬ್ಯಾಂಕಿನಲ್ಲಿ ಸಂಜೆಯ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೋಗುವುದಿಲ್ಲ. ದ್ವಾರದ ಲೆಕ್ಕಕ್ಕೆ ಅಂಥ ಸಂಜೆಯೇ ಇಲ್ಲ.

ಸಂಸ್ಥೆಗೆ ಇದು ಕಳವಿನ ಭಯವಷ್ಟೆ. ಆಳಿಗೆ ಅದಕ್ಕಿಂತ ಹೆಚ್ಚು. ಕಲಬುರಗಿಯ ಕಡೆಯಿಂದ ಬಂದವನೊಬ್ಬನು ರಾಶಿಯ ಕಾಲಕ್ಕೆ ಊರಿಗೆ ಹೋಗಿ ಬಂದನೆನ್ನೋಣ. ಅವನು ರಜೆಯ ಮೇಲೆ ಹೋದನೋ, ಕೆಲಸ ಬಿಟ್ಟನೋ, ತೆಗೆಯಲ್ಪಟ್ಟನೋ? ಅವನ ಕೊನೆಯ ಕೂಲಿಯೂ ಭವಿಷ್ಯನಿಧಿಯೂ ಸೇವೆಯ ವರ್ಷಗಳೂ ಈ ಒಂದು ದಿನಾಂಕವನ್ನು ಅವಲಂಬಿಸಿವೆ. ಅದನ್ನು ಗುತ್ತಿಗೆದಾರನು ತನಗೆ ಬೇಕಾದಂತೆ ಬರೆಯಬಲ್ಲನು. ಮರಾಠಿ ಗುಮಾಸ್ತನು ಕಿವಿಗೆ ಕೇಳಿದಂತೆ ಬರೆದ ಶರಣಪ್ಪನ ಹೆಸರು ಆಧಾರ್ ಚೀಟಿಯಲ್ಲಿರುವುದಕ್ಕೆ ಹೊಂದದಿದ್ದರಂತೂ ಕೇಳುವುದೇ ಬೇಡ.

ಸಂಸ್ಥೆಗಳು ಬೇಕೆಂದೇ ಈ ಪುಸ್ತಕದಿಂದ ದೂರವಿರುವುದೂ ಉಂಟು. ಗುತ್ತಿಗೆಯು ಬರಿಯ ವೇಷವೆಂದು ಸಿದ್ಧವಾದರೆ ಆಳು ಮೂಲ ಮಾಲಿಕನ ನೌಕರನೇ ಎಂದು ಸರ್ವೋಚ್ಚ ನ್ಯಾಯಾಲಯವು 2001ರ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿತು. ಹೆಸರು ಬರೆದಿಟ್ಟರೆ ಸಾಕ್ಷ್ಯವಾದೀತೆಂಬ ಅಂಜಿಕೆ ಅಲ್ಲಿಂದ ಬೆಳೆಯಿತು. ಈ ಅಂಜಿಕೆ ಅರೆತಿಳಿವಿನದೆಂದೇ ನನ್ನ ಅಭಿಪ್ರಾಯ. ನ್ಯಾಯಾಲಯವು ನೋಡುವುದು ಕೆಲಸದ ಮೇಲೆ ಹತೋಟಿ ಯಾರದೆಂಬುದನ್ನು. ಹೋದ ದಿನ ಬರೆದಿಟ್ಟ ಮಾತ್ರಕ್ಕೆ ಹತೋಟಿ ಸಿದ್ಧವಾಗದು. ಕೂಲಿಯ ಹೊಣೆಯಾದರೋ ಬರೆದರೂ ಇದೆ, ಬರೆಯದಿದ್ದರೂ ಇದೆ.

ಉಪಾಯ ಸುಲಭವಾದುದು. ಗುತ್ತಿಗೆದಾರನ ಬಿಲ್ಲು ಪಾಸಾಗುವ ಮೊದಲು ಆ ತಿಂಗಳು ಬಿಟ್ಟುಹೋದವರ ಪಟ್ಟಿಯನ್ನು ಕೇಳಬೇಕು. ಪ್ರತಿ ಹೆಸರಿನ ಮುಂದೆ ಪಾಸು ಹಿಂದಿರುಗಿದ ದಿನ, ಬಾಕಿ ಕೂಲಿ ಬ್ಯಾಂಕಿನ ಖಾತೆಗೆ ಸಂದ ದಿನ, ಆಳಿನ ರುಜು, ಈ ಮೂರೂ ಇರಬೇಕು. ಒಂದು ಖಾಲಿಯಿದ್ದರೂ ಬಿಲ್ಲನ್ನು ಹಿಂದಕ್ಕೆ ಕಳುಹಿಸಬೇಕು.