ತಾಳ ತಪ್ಪಿಸುತ್ತಿದ್ದ ನಾಲ್ಕು ನಾಳಗಳು

1912ರಲ್ಲಿ ಹೃದಯ ತಜ್ಞ ಕಾರೆಲ್ ವೆಂಕೆಬಾಕ್ ಅವರ ಬಳಿಗೆ ಒಬ್ಬ ಡಚ್ ವ್ಯಾಪಾರಿ ಬಂದ. ಅವನ ನಾಡಿ ಯಾವ ಲೆಕ್ಕಕ್ಕೂ ಸಿಗದಂತೆ ಓಡುತ್ತಿತ್ತು. ‘ಗುಣಮಾಡುತ್ತೇನೆ ಎಂದು ಮಾತು ಕೊಡಲಾರೆ’ ಎಂದರು ವೆಂಕೆಬಾಕ್. ಇದನ್ನು ನಿಲ್ಲಿಸುವ ದಾರಿ ತನಗೇ ಗೊತ್ತು, ನಾಳೆ ಬೆಳಿಗ್ಗೆ ಸರಿಯಾದ ನಾಡಿಯೊಂದಿಗೆ ಬರುತ್ತೇನೆ ಎಂದು ಹೇಳಿಹೋದ ವ್ಯಾಪಾರಿ, ಹೇಳಿದಂತೆಯೇ ಬಂದ. ಅವನು ನುಂಗಿದ್ದು ಒಂದು ಗ್ರಾಂ ಕ್ವಿನೈನ್. ಮಲೇರಿಯಾ ಇದ್ದ ಸೀಮೆಗಳಲ್ಲಿ ಜನ ಏನೇ ಆದರೂ ಕ್ವಿನೈನ್ ನುಂಗುತ್ತಿದ್ದ ಕಾಲ ಅದು. ಆ ಕಹಿ ನಮ್ಮ ಮಲೆನಾಡಿನ ಹಳಬರಿಗೂ ಗೊತ್ತು. ಹಾಗೆ ನುಂಗಿದಾಗೊಮ್ಮೆ ಎದೆಬಡಿತ ತಹಬಂದಿಗೆ ಬಂದದ್ದನ್ನು ಅವನು ಗಮನಿಸಿಟ್ಟುಕೊಂಡಿದ್ದ. 1918ರಲ್ಲಿ ವಾಲ್ಟರ್ ಫ್ರೈ ಎಂಬ ವೈದ್ಯರು ಕ್ವಿನೈನ್ ಸಿಗುವ ಮರದ ತೊಗಟೆಯಲ್ಲೇ ಇರುವ ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. (ಯಾರೂ ಇದನ್ನು ಮನೆಯಲ್ಲಿ ಪರೀಕ್ಷಿಸಬಾರದು. ಅದೇ ಮದ್ದು ಹೃದಯದ ಲಯವನ್ನು ಪ್ರಾಣಕ್ಕೆ ಕುತ್ತಾಗುವಂತೆ ಕೆಡಿಸಲೂ ಬಲ್ಲದು.)

ಕ್ವಿನೈನ್ ಆ ವ್ಯಾಪಾರಿಯ ಕಾಯಿಲೆಯನ್ನು ಕಿತ್ತುಹಾಕಲಿಲ್ಲ. ಅದು ಮತ್ತೆ ಬರುತ್ತಿತ್ತು, ಅವನು ಮತ್ತೆ ನುಂಗುತ್ತಿದ್ದ.

ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮನಿಗಿರುವುದೂ ಇದೇ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಾಗಿ ಮಿಡಿಯುವುದನ್ನು ಬಿಟ್ಟು ಅದುರತೊಡಗುತ್ತವೆ. ಅಬ್ಲೇಶನ್, ಅಂದರೆ ಹೃದಯದ ಸ್ನಾಯುವನ್ನು ಅಲ್ಲಲ್ಲಿ ಸುಡುವ ಚಿಕಿತ್ಸೆ, ಮಾಡಿಸಿಕೊಂಡು ಐದು ತಿಂಗಳು ಆರಾಮಾಗಿದ್ದವರಿಗೆ ಒಂದು ರಾತ್ರಿ ಮತ್ತೆ ಶುರುವಾಯಿತು. ನನ್ನ ಕೈ ಹಿಡಿದು ತಮ್ಮ ಮಣಿಕಟ್ಟಿನ ಮೇಲಿಟ್ಟುಕೊಂಡರು. ಎರಡು ಬಡಿತ ಒಂದರ ಮೇಲೊಂದು ಬಿದ್ದವು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ನಾಲ್ಕು ಒಟ್ಟಿಗೇ. ‘ನಾನೇನು ತಪ್ಪು ಮಾಡಿದೆ ಮಗಾ? ಉಪ್ಪಿನಕಾಯಿ ಸಹ ಬಿಟ್ಟಿದ್ದೆನಲ್ಲ’ ಎಂದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಈ ಚಿಕಿತ್ಸೆಯನ್ನು ಕಂಡುಹಿಡಿದ ಕತೆಯಲ್ಲಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಬಹುಭಾಗ ವೈದ್ಯರು ನಂಬಿದ್ದು ಇಷ್ಟು: ಹೃತ್ಕರ್ಣದ ತುಂಬ ಹಲವಾರು ವಿದ್ಯುತ್ ಅಲೆಗಳು ಗೊತ್ತುಗುರಿಯಿಲ್ಲದೆ ಸುತ್ತುತ್ತವೆ, ಅದೇ ಕಾಯಿಲೆ. ಅಮೆರಿಕದ ಗಾರ್ಡನ್ ಮೋ ಅವರ ವಾದ ಅದು. ಹಾಗಿದ್ದರೆ ಅಲೆಗಳಿಗೆ ಸುತ್ತಲು ಜಾಗವೇ ಇಲ್ಲದಂತೆ ಮಾಡಿದರಾಯಿತು. 1987ರಲ್ಲಿ ಸೇಂಟ್ ಲೂಯಿಸ್‌ನ ಶಸ್ತ್ರವೈದ್ಯ ಜೇಮ್ಸ್ ಕಾಕ್ಸ್ ಎದೆ ತೆರೆದು, ಹೃತ್ಕರ್ಣದ ಗೋಡೆಯನ್ನು ಚಕ್ರವ್ಯೂಹದಂತೆ ಕತ್ತರಿಸಿ ಹೊಲಿದರು. ಗಾಯದ ಕಲೆಯನ್ನು ವಿದ್ಯುತ್ತು ದಾಟಲಾರದು. ಚಿಕಿತ್ಸೆ ಫಲಿಸಿತು, ಆದರೆ ಅಷ್ಟು ದೊಡ್ಡ ಆಪರೇಶನ್ನನ್ನು ಎಷ್ಟು ಜನರಿಗೆ ಮಾಡಲಾದೀತು?

ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು ಎದೆ ತೆರೆಯದೆ, ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆ ತೂರಿಸಿ, ಅದರ ತುದಿಯ ಬಿಸಿಯಿಂದ ಅಂಥದೇ ಗೆರೆಗಳನ್ನು ಸುಡಲು ನೋಡಿದರು. ಕಾಯಿಲೆ ಮರಳಿ ಬರುತ್ತಿತ್ತು. ಇಲ್ಲಿ ಅವರು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇನ್ನಷ್ಟು ಗೆರೆ ಎಳೆಯುವುದರಲ್ಲೇ ಮುಳುಗದೆ, ಮರಳಿ ಬರುವ ಆ ಗಳಿಗೆಯನ್ನೇ ಹಿಡಿದು ನೋಡಿದರು. ಅದುರುವಿಕೆಗೆ ತುಸು ಮುಂಚೆ ಒಂದು ಅಕಾಲ ಬಡಿತ ಬೀಳುತ್ತದೆ. ಅದು ಎಲ್ಲಿಂದ ಹೊರಡುತ್ತದೆ? ಕ್ಯಾಥೆಟರನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಅದರ ಜಾಡು ಹಿಡಿದರು. ಜಾಡು ಹೃತ್ಕರ್ಣವನ್ನೇ ದಾಟಿ ಹೊರಗೆ ಹೋಯಿತು.

1998ರ ಸೆಪ್ಟೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅವರ ಲೇಖನ ಬಂತು. 45 ರೋಗಿಗಳಲ್ಲಿ ಅಕಾಲ ಬಡಿತದ 69 ಮೂಲಗಳು ಸಿಕ್ಕಿದ್ದವು. ಅವುಗಳಲ್ಲಿ 65 ಇದ್ದದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಲ್ಕು ಅಭಿಧಮನಿಗಳಲ್ಲಿ, ಬಾಯಿಂದ 2ರಿಂದ 4 ಸೆಂಟಿಮೀಟರ್ ಒಳಗೆ. ರಕ್ತ ಹರಿಯುವ ಬರೀ ಕೊಳವೆ ಎಂದು ಬಹಳ ಜನ ದಾಟಿಹೋಗಿದ್ದ ಜಾಗ ಅದು! ಆ ನಾಳಗಳೊಳಗೆ ಹೃದಯದ ಸ್ನಾಯು ತೋಳಂಗಿಯ ಹಾಗೆ ಚಾಚಿಕೊಂಡಿದೆ ಎಂದು ಇಸ್ರೇಲಿನ ನಾಥನ್ ಮತ್ತು ಎಲಿಯಾಕಿಮ್ 1966ರಲ್ಲೇ ಬರೆದಿದ್ದರು. ಕಿಡಿ ಹಾರುತ್ತಿದ್ದದ್ದು ಆ ಸ್ನಾಯುವಿನಿಂದ.

ಅದೇ ಲೇಖನದಲ್ಲಿ ಇನ್ನೊಂದು ಲೆಕ್ಕವೂ ಇದೆ. ಸರಾಸರಿ ಎಂಟು ತಿಂಗಳ ಬಳಿಕ ಕಾಯಿಲೆ ಮರಳದೆ ಇದ್ದವರು 28 ಮಂದಿ. ಉಳಿದ 17 ಮಂದಿಗೆ, ಈ ಚಿಕಿತ್ಸೆಯನ್ನು ಕಂಡುಹಿಡಿದವರ ಕೈಯಲ್ಲೇ, ಅದು ಮತ್ತೆ ಬಂದಿತ್ತು. ಚಿಕ್ಕಮ್ಮನಿಗೆ ನಾನು ಮೊದಲು ಹೇಳಿದ್ದು ಈ ಹದಿನೇಳು ಜನರ ವಿಷಯವನ್ನೇ.

ಆ ಮೇಲಿನ ವರ್ಷಗಳ ಕೆಲಸವೆಲ್ಲ ಯಾಕೆ ಮರಳುತ್ತದೆ ಎಂಬುದರ ಹುಡುಕಾಟವೇ. ನಾಳದ ಒಳಗೇ ಸುಟ್ಟರೆ ನಾಳ ಕಿರಿದಾಗುವ ಅಪಾಯವಿತ್ತು. ಹಾಗಾಗಿ ಹೊರಬಾಯಿಯ ಸುತ್ತ ಉಂಗುರದಂತೆ ಸುಡುವ ಪದ್ಧತಿ ಬಂತು. ಕಿಡಿ ಒಳಗೆ ಎಷ್ಟಾದರೂ ಹಾರಲಿ, ಹೊರಗೆ ದಾಟದಿದ್ದರೆ ಸರಿ. ಎರಡನೆಯ ಸಲ ಬಂದವರನ್ನು ಪರೀಕ್ಷಿಸಿದಾಗ ಕಂಡದ್ದು, ಆ ಉಂಗುರದಲ್ಲಿ ಬಿದ್ದಿದ್ದ ಸಣ್ಣ ಸಂದು. ತೋಟದ ಸುತ್ತ ಅಗಳು ತೋಡಿಸಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಒಂದು ಮೊಳ ಜಾಗದಲ್ಲಿ ಮಣ್ಣು ಜರಿದರೆ ಸಾಕು, ದನ ಅಲ್ಲಿಂದಲೇ ಹತ್ತುತ್ತದೆ. ಸುಟ್ಟ ದಿನ ಬಾವಿನಿಂದ ಮರಗಟ್ಟಿದ್ದ ಸ್ನಾಯು, ಬಾವು ಇಳಿದ ಮೇಲೆ ಮತ್ತೆ ವಿದ್ಯುತ್ತನ್ನು ಹಾಯಿಸತೊಡಗುತ್ತದೆ. ಮೊದಲ ಎರಡು ಮೂರು ತಿಂಗಳಲ್ಲಿ ಬರುವ ತಾಳ ತಪ್ಪಿದ ಬಡಿತವನ್ನು ವೈದ್ಯರು ಸೋಲೆಂದು ಎಣಿಸದಿರುವುದಕ್ಕೂ ಗಾಯ ಇನ್ನೂ ಮಾಯುತ್ತಿರುವುದೇ ಕಾರಣ. ಚಿಕ್ಕಮ್ಮನದು ಆ ಗಡುವು ದಾಟಿ ಬಂದದ್ದು, ಆದ್ದರಿಂದ ಸಂದು ಹುಡುಕಿ ಮುಚ್ಚುವ ಎರಡನೆಯ ಅಬ್ಲೇಶನ್ ಮಾತು ಬಂತು. ಉಪ್ಪಿನಕಾಯಿಯ ಪಾತ್ರ ಇದರಲ್ಲಿ ಇಲ್ಲ.

ರೋಗಿಯ ಕೈಯಲ್ಲಿರುವುದೂ ಸ್ವಲ್ಪ ಇದೆ. 2014ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಅಬ್ಲೇಶನ್ ಜೊತೆಗೆ ತೂಕ, ಬಿ.ಪಿ., ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕುಡಿತ ಇವನ್ನೂ ಬಿಗಿಯಾಗಿ ನೋಡಿಕೊಂಡವರಲ್ಲಿ ಕಾಯಿಲೆ ಮರಳಿದ್ದು ಎಷ್ಟೋ ಕಡಿಮೆ. ಚಿಕ್ಕಮ್ಮ ರಾತ್ರಿ ಗೊರಕೆ ಹೊಡೆಯುತ್ತಾರೆಂದು ನಾವು ಇಷ್ಟು ವರ್ಷ ನಗುತ್ತಿದ್ದೆವು. ಈಗ ಅದಕ್ಕೂ ಪರೀಕ್ಷೆ ಆಯಿತು, ಮಲಗುವಾಗ ಮುಖಕ್ಕೆ ಮಾಸ್ಕ್ ಬಂತು.

ಎರಡನೆಯ ಅಬ್ಲೇಶನ್ ಆಗಿ ವರ್ಷವಾಗಿದೆ. ಆಗೊಮ್ಮೆ ಈಗೊಮ್ಮೆ ಅರ್ಧ ಗಂಟೆ ಎದೆ ಡವಗುಟ್ಟುತ್ತದೆ. ಅವರೀಗ ಹೆದರಿ ಎದ್ದು ಕೂರುವುದಿಲ್ಲ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಹೊತ್ತು ಬರೆದಿಡುತ್ತಾರೆ, ಮುಂದಿನ ಸಲ ಡಾಕ್ಟರಿಗೆ ಅದನ್ನೇ ತೋರಿಸುತ್ತಾರೆ.

ಈ ಕಾಯಿಲೆ ಇರುವವರಲ್ಲಿ ನನ್ನದೊಂದು ಕಳಕಳಿಯ ಮಾತು. ಅದುರುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಬಡಿತ ಸರಿಯಾಯಿತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ಬೇಕೋ ಬೇಡವೋ ಎಂಬುದು ವಯಸ್ಸು, ಬಿ.ಪಿ., ಸಕ್ಕರೆ, ಹಿಂದೆ ಲಕ್ವ ಹೊಡೆದಿತ್ತೇ ಎಂಬುದರ ಮೇಲೆ ನಿಂತಿದೆ. ಅದನ್ನು ನಿಮ್ಮ ವೈದ್ಯರೇ ಹೇಳಲಿ. ಎದೆ ಮತ್ತೆ ತಾಳ ತಪ್ಪಿದರೆ ಆಗಲೇ ಹೋಗಿ ಒಂದು ಇ.ಸಿ.ಜಿ. ತೆಗೆಸಿ.