ರಫ್ತು ಏರಿದರೂ ನೀಗದ ಕೊರತೆ: ಶ್ರೀಲಂಕೆಯ ಲೆಕ್ಕ

ಒಂದು ದೇಶವು ಹೊರದೇಶಗಳಿಗೆ ಮಾರುವ ಸರಕಿನ ಬೆಲೆಗೂ ಹೊರಗಿನಿಂದ ಕೊಳ್ಳುವ ಸರಕಿನ ಬೆಲೆಗೂ ಇರುವ ಅಂತರವೇ ವ್ಯಾಪಾರ ಶಿಲ್ಕು. ಕೊಂಡದ್ದು ಹೆಚ್ಚಾದರೆ ಅದು ಕೊರತೆ. ರಫ್ತು ಬೆಳೆದರೆ ಕೊರತೆ ತಾನಾಗಿಯೇ ನೀಗುವುದೆಂಬ ಭಾವನೆ ಸಾಮಾನ್ಯವಾಗಿದೆ. ನೆರೆಯ ಶ್ರೀಲಂಕೆಯ ಲೆಕ್ಕವನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

2020ರಲ್ಲಿ ಆ ದೇಶದ ರಫ್ತು ಸುಮಾರು 1,000 ಕೋಟಿ ಡಾಲರ್, ಆಮದು ಸುಮಾರು 1,600 ಕೋಟಿ. ಮರುವರ್ಷ ರಫ್ತು 1,250 ಕೋಟಿಗೆ ಏರಿತು. ಆದರೆ ಆಮದು 2,060 ಕೋಟಿ ಮುಟ್ಟಿತು. ಹೀಗಾಗಿ ರಫ್ತು ಕಾಲುಭಾಗದಷ್ಟು ಬೆಳೆದ ವರ್ಷವೇ ಕೊರತೆ 600 ಕೋಟಿಯಿಂದ 810 ಕೋಟಿಗೆ ಹೆಚ್ಚಿತು.

ಇದಕ್ಕೆ ಒಂದು ಕಾರಣ ರಫ್ತಿನ ಬಗೆಯಲ್ಲಿದೆ. 2021ರಲ್ಲಿ ಶ್ರೀಲಂಕೆಯ ರಫ್ತಿನಲ್ಲಿ ಶೇಕಡ 40ಕ್ಕೂ ಮಿಕ್ಕ ಪಾಲು ಬಟ್ಟೆ ಮತ್ತು ಸಿದ್ಧ ಉಡುಪಿನದಾಗಿತ್ತು. ಹೊಲಿಗೆ ಅಲ್ಲಿಯದಾದರೂ ಬಟ್ಟೆ, ನೂಲುಗಳಲ್ಲಿ ಬಹುಪಾಲು ಹೊರಗಿನಿಂದ ಬರಬೇಕು. ಹುಲ್ಲು, ಹಿಂಡಿ, ಬೂಸಾ ಎಲ್ಲವನ್ನೂ ಕೊಂಡು ಹಸು ಸಾಕುವವನ ಮನೆಗೆ ಡೈರಿಯ ಬಟವಾಡೆ ದೊಡ್ಡದಾಗಿಯೇ ಬರುತ್ತದೆ. ಅಂಗಡಿಯ ಬಾಕಿ ತೀರಿಸಿದ ಮೇಲೆ ಉಳಿಯುವುದು ಎಷ್ಟೆಂಬುದು ಅವನಿಗೇ ಗೊತ್ತು. ಬರೀ ಕೈ ಬದಲಾಯಿಸುವ ಸರಕಿನಲ್ಲಂತೂ ಉಳಿಯುವುದು ಇನ್ನೂ ಕಡಿಮೆ. ವಿಯೆಟ್ನಾಮಿನ ಕರಿಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಸುಂಕ ರಿಯಾಯಿತಿ ಪಡೆದು ಭಾರತಕ್ಕೆ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರಿದ್ದರು. ಅಗ್ಗದ ಆಮದನ್ನು ತಡೆಯಲು ಭಾರತ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು.

ಚಹಾದ ಮಾತು ಬೇರೆ. ಬೆಳೆಯೂ ಸಂಸ್ಕರಣೆಯೂ ಅಲ್ಲಿಯದೇ ಆದುದರಿಂದ ಬಂದ ಹಣದಲ್ಲಿ ಹೆಚ್ಚಿನದು ದೇಶದಲ್ಲೇ ಉಳಿಯುತ್ತದೆ. ಎಲೆಯಲ್ಲಿ ಮುಕ್ಕಾಲು ಭಾಗದಷ್ಟು ಸಣ್ಣ ಹಿಡುವಳಿದಾರರದು. ಚಹಾಕ್ಕೆ ಹೊರಗಿನಿಂದ ಬೇಕಾದ ಮುಖ್ಯ ವಸ್ತುವೆಂದರೆ ರಸಗೊಬ್ಬರ. ಪೆಟ್ಟು ಬಿದ್ದದ್ದು ಅದಕ್ಕೇ. 2021ರ ಮೇ ತಿಂಗಳಲ್ಲಿ ಸರ್ಕಾರ ರಸಗೊಬ್ಬರದ ಆಮದನ್ನು ನಿಷೇಧಿಸಿತು. ಜನರ ಆರೋಗ್ಯದ ಕಾರಣವನ್ನು ಮುಂದಿಟ್ಟರೂ ಡಾಲರ್ ಉಳಿಸುವ ಲೆಕ್ಕವೂ ಅದರಲ್ಲಿತ್ತು. ಸಾವಯವ ಗೊಬ್ಬರದ ಗುಣವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಡೀ ದೇಶದ ಗದ್ದೆ, ತೋಟಗಳಿಗೆ ಸಾಕಾಗುವಷ್ಟು ಕಾಂಪೋಸ್ಟ್ ಒಂದು ಹಂಗಾಮಿನಲ್ಲಿ ಎಲ್ಲಿಂದ ಬರಬೇಕು? ನವೆಂಬರಿನಲ್ಲಿ ನಿಷೇಧ ತೆಗೆದರು. ಅಷ್ಟರಲ್ಲಿ ಬಿತ್ತನೆಯ ಕಾಲ ಬಂದಿತ್ತು. ಗೊಬ್ಬರದ ಬೆಲೆ ಜಗತ್ತಿನೆಲ್ಲೆಡೆ ಏರಿತ್ತು. 2021-22ರ ‘ಮಹಾ’ ಹಂಗಾಮಿನ ಭತ್ತದ ಇಳುವರಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ ಉತ್ಪಾದನೆ 2022ರಲ್ಲಿ 25 ಕೋಟಿ ಕಿಲೋಗೆ ಇಳಿಯಿತು. ಗೊಬ್ಬರದಲ್ಲಿ ಉಳಿಸಹೊರಟ ಡಾಲರನ್ನು ಅಕ್ಕಿ ತರಿಸಲು ತೆರಬೇಕಾಯಿತು.

ವ್ಯಾಪಾರ ಕೊರತೆ ಆ ದೇಶಕ್ಕೆ ಹೊಸದೇನಲ್ಲ. ಹೊರದೇಶಗಳಲ್ಲಿ ದುಡಿಯುವವರು ಕಳುಹಿಸುವ ಹಣ, ಪ್ರವಾಸಿಗರು ತರುವ ಹಣ ಮತ್ತು ಸಾಲದಿಂದ ಅದನ್ನು ತುಂಬಿಕೊಳ್ಳುತ್ತ ಬಂದಿದ್ದರು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಅನಂತರದ ಕೋವಿಡ್‌ನಿಂದ ಪ್ರವಾಸೋದ್ಯಮ ನೆಲಕಚ್ಚಿತು. ದುಡಿಯುವವರ ಹಣವೂ 2020ರ 710 ಕೋಟಿ ಡಾಲರಿನಿಂದ 2022ರಲ್ಲಿ 380 ಕೋಟಿಗೆ ಇಳಿಯಿತು. ತೆರಿಗೆ ಕಡಿತದಿಂದ ಬೊಕ್ಕಸ ಬರಿದಾದ ಸರ್ಕಾರಕ್ಕೆ ಹೊಸ ಸಾಲ ಕೊಡುವವರು ಇರಲಿಲ್ಲ. 2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿರುವುದಾಗಿ ಸರ್ಕಾರ ಸಾರಿತು.

ಆ ವರ್ಷದ ಲೆಕ್ಕ ವಿಚಿತ್ರವಾಗಿದೆ. ರಫ್ತು 1,310 ಕೋಟಿ ಡಾಲರ್. ಕೊರತೆ 520 ಕೋಟಿಗೆ ಇಳಿದಿತ್ತು. ಅಂಕಿಗಳನ್ನಷ್ಟೇ ನೋಡಿದರೆ ಸುಧಾರಣೆಯೆನ್ನಬೇಕು. ವಾಸ್ತವವಾಗಿ ಕೊಳ್ಳಲು ಡಾಲರ್ ಇಲ್ಲದೆ ಆಮದು ಕುಸಿದಿತ್ತು. ಜನ ಪೆಟ್ರೋಲ್, ಅಡಿಗೆ ಅನಿಲಕ್ಕಾಗಿ ದಿನಗಟ್ಟಲೆ ಸಾಲು ನಿಂತರು. ಮುಂದಿನ ಭತ್ತದ ಬೆಳೆಗಾಗಿ ಜುಲೈ ತಿಂಗಳಲ್ಲಿ ಭಾರತದಿಂದ 44,000 ಟನ್ ಯೂರಿಯಾ ಅಲ್ಲಿಗೆ ತಲುಪಿತು, ಅದೂ ಸಾಲದ ಮೇಲೆ.