ಕಾಲಿನ ಮೂಳೆ ಮುರಿತ ಮತ್ತು ಅದರ ಶಸ್ತ್ರಚಿಕಿತ್ಸೆ

ಪುಣೆಯ ವಾಯವ್ಯ ದಿಕ್ಕಿನಲ್ಲಿ, ಹಳೆಯ ಪುಣೆ-ಮುಂಬಯಿ ಹೆದ್ದಾರಿಯ ಮಗ್ಗುಲಲ್ಲಿರುವ ನಿಗಡಿಯು ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ ಜನವಸತಿ. 1972ರಲ್ಲಿ ಸ್ಥಾಪಿತವಾದ ನವನಗರ ಅಭಿವೃದ್ಧಿ ಪ್ರಾಧಿಕರಣವು ಇಲ್ಲಿ ಬಡಾವಣೆಗಳನ್ನು ನಿರ್ಮಿಸಿದ್ದರಿಂದ ಈ ಭಾಗಕ್ಕೆ ಇಂದಿಗೂ 'ಪ್ರಾಧಿಕರಣ'ವೆಂಬ ಹೆಸರು ಉಳಿದುಕೊಂಡಿದೆ. ಕಲಬುರಗಿ, ವಿಜಯಪುರ, ಬೀದರ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೂ ಕಾರ್ಖಾನೆಗಳಿಗೂ ಬಂದು ನೆಲೆಸಿದ ಕನ್ನಡಿಗರು ಈ ಔದ್ಯೋಗಿಕ ವಲಯದಲ್ಲಿ ಹಲವರಿದ್ದಾರೆ. ಪಾಳಿ ಬದಲಾಗುವ ವೇಳೆಯಲ್ಲಿ ಹೆದ್ದಾರಿಯುದ್ದಕ್ಕೂ ದ್ವಿಚಕ್ರ ವಾಹನಗಳೂ ಭಾರಿ ಲಾರಿಗಳೂ ಒಟ್ಟಿಗೆ ಸಾಗುತ್ತವೆ. ಇಂತಹ ರಸ್ತೆಗಳಲ್ಲಿ ಸವಾರನ ಮೊಣಕಾಲಿನ ಕೆಳಭಾಗಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ತಲೆಯನ್ನು ಕಾಪಾಡಲು ಹೆಲ್ಮೆಟ್ ಉಂಟು. ಕಾಲಿಗೆ ಅಂತಹದು ಏನೂ ಇಲ್ಲ.

ಮೊಣಕಾಲಿನಿಂದ ಪಾದದ ಗಿಣ್ಣಿನವರೆಗೆ ಎರಡು ಮೂಳೆಗಳಿವೆ. ದೇಹದ ಭಾರವನ್ನು ಹೊರುವ ದಪ್ಪ ಮೂಳೆಯನ್ನು ವೈದ್ಯರು ಟಿಬಿಯಾ ಎಂದೂ, ಹೊರಬದಿಯ ತೆಳುವಾದ ಮೂಳೆಯನ್ನು ಫಿಬುಲಾ ಎಂದೂ ಕರೆಯುತ್ತಾರೆ. ಕಾಲಿನ ಮುಂಭಾಗವನ್ನು ಕೈಯಿಂದ ಸವರಿದರೆ ಟಿಬಿಯಾದ ಅಂಚು ಚರ್ಮದ ಕೆಳಗೇ ಸಿಗುತ್ತದೆ. ಅಲ್ಲಿ ಮಾಂಸಖಂಡದ ಹೊದಿಕೆ ಇಲ್ಲ. ಆದುದರಿಂದ ಮುರಿದ ಮೂಳೆಯ ತುದಿ ಸುಲಭವಾಗಿ ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಮೂಳೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ರಕ್ತಪೂರೈಕೆಯೂ ಕಡಿಮೆ. ಅಲ್ಲಿನ ಮುರಿತವು ಕೂಡಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ.

ಅಪಘಾತದ ಸ್ಥಳದಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಗಾಯವನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳಬಾರದು. ಮರದ ಪಟ್ಟಿ ಅಥವಾ ಗಟ್ಟಿಯಾದ ರಟ್ಟನ್ನು ಆಸರೆಯಾಗಿಟ್ಟು ಕಾಲು ಅಲುಗದಂತೆ ಸಡಿಲವಾಗಿ ಕಟ್ಟಿ, 108 ಅಥವಾ 112ಕ್ಕೆ ಕರೆ ಮಾಡಬೇಕು. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ಗಾಯಾಳುವಿಗೆ ತಿನ್ನಲು ಕುಡಿಯಲು ಏನನ್ನೂ ಕೊಡಬಾರದು. ಸಹಾಯಕ್ಕೆ ಬಂದವರು ಪೊಲೀಸರ ವಿಚಾರಣೆಗೆ ಹೆದರಿ ಹಿಂಜರಿಯುವುದು ಹಿಂದೆ ಸಾಮಾನ್ಯವಾಗಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡಿದೆ.

ಮೂಳೆ ಕಟ್ಟುವವರಲ್ಲಿಗೆ ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹು ಹಿಂದಿನಿಂದ ಬಂದುದು. ಅವರ ಕೈಚಳಕವನ್ನು ಹೀಯಾಳಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಟಿಬಿಯಾ ಮುರಿತದಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಲೇಬೇಕಾಗಿದೆ. ಕಾಲಿನ ಮಾಂಸಖಂಡಗಳು ಬಿಗಿಯಾದ ಪೊರೆಗಳ ಕೋಶಗಳೊಳಗೆ ಇರುತ್ತವೆ. ರಕ್ತಸ್ರಾವದಿಂದಲೂ ಬಾವಿನಿಂದಲೂ ಆ ಕೋಶದೊಳಗೆ ಒತ್ತಡ ಏರಿದರೆ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಮಾಂಸಖಂಡ ಸಾಯತೊಡಗುತ್ತದೆ. ಮೇಲಿನಿಂದ ಬಿದಿರಿನ ದಬ್ಬೆಯ ಬಿಗಿಕಟ್ಟು ಬಿದ್ದರಂತೂ ಒತ್ತಡ ಇನ್ನೂ ಹೆಚ್ಚುತ್ತದೆ. ಗಾಯದ ಪ್ರಮಾಣವನ್ನು ಮೀರಿದ ನೋವು, ಕಾಲ್ಬೆರಳನ್ನು ಮೇಲಕ್ಕೆ ಬಾಗಿಸಿದಾಗ ಅಸಹನೀಯ ವೇದನೆ, ಕಲ್ಲಿನಂತೆ ಬಿಗಿದ ಮೀನಖಂಡ, ಪಾದದಲ್ಲಿ ಜೋಮು ಇವು ಇದರ ಸೂಚನೆಗಳು. ಆರು ಗಂಟೆಗಳಷ್ಟು ತಡವಾದರೂ ಸರಿಪಡಿಸಲಾಗದ ಹಾನಿ ಆಗಬಹುದು. ಆಗ ಪೊರೆಯನ್ನು ಉದ್ದಕ್ಕೂ ಬಿಡಿಸಿ ಒತ್ತಡವನ್ನು ಇಳಿಸುವುದೊಂದೇ ಮಾರ್ಗ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನೊಳಗೂ ಇದು ಸಂಭವಿಸಬಹುದು. 'ಹೊಸ ಪ್ಲಾಸ್ಟರು, ನೋವು ಇದ್ದೇ ಇರುತ್ತದೆ' ಎಂದು ಮನೆಯವರು ರಾತ್ರಿ ಕಳೆಯುವುದು ಸರಿಯಲ್ಲ.

ಸ್ಥಾನಪಲ್ಲಟವಾಗದ ಮುರಿತಗಳು ಪ್ಲಾಸ್ಟರಿನಿಂದಲೇ ಗುಣವಾಗಬಲ್ಲವು. ತುಂಡುಗಳು ಸರಿದಿದ್ದರೆ, ತಿರುಚಿಕೊಂಡಿದ್ದರೆ ಅಥವಾ ಚೂರಾಗಿದ್ದರೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಮೂಳೆಯ ನಡುಭಾಗದ ಮುರಿತಕ್ಕೆ ಇಂದು ಹೆಚ್ಚಾಗಿ ಅನುಸರಿಸುವ ವಿಧಾನ, ಜನರು 'ರಾಡು ಹಾಕುವುದು' ಎನ್ನುವ ಕ್ರಮ. ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕುಂಚರ್ ಎಂಬ ಶಸ್ತ್ರವೈದ್ಯರು 1939ರಲ್ಲಿ ತೊಡೆಯ ಮೂಳೆಯೊಳಗೆ ಸರಳನ್ನು ತೂರಿಸಿ ಇದಕ್ಕೆ ದಾರಿ ತೋರಿದರು.

ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಭಾಗವನ್ನು ಮರಗಟ್ಟಿಸಲಾಗುತ್ತದೆ. ಮುರಿತದ ಜಾಗವನ್ನು ತೆರೆಯಬೇಕಾದ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಮಂಡಿಚಿಪ್ಪಿನ ಕೆಳಗೆ ಸಣ್ಣ ಗಾಯ ಮಾಡಿ, ಮೂಳೆಯ ನೆತ್ತಿಯಲ್ಲಿ ರಂಧ್ರ ಕೊರೆದು, ಮಜ್ಜೆಯಿರುವ ಟೊಳ್ಳಿನಲ್ಲಿ ಒಂದು ತಂತಿಯನ್ನು ಇಳಿಸುತ್ತಾರೆ. ಸಿ-ಆರ್ಮ್ ಎಂಬ ಕ್ಷಕಿರಣ ಯಂತ್ರದ ಪರದೆಯ ಮೇಲೆ ನೋಡುತ್ತಾ, ಕಾಲನ್ನು ಎಳೆದು ನೇರಮಾಡಿ, ತಂತಿಯನ್ನು ಮುರಿತದಾಚೆಗೂ ದಾಟಿಸುತ್ತಾರೆ. ಅದರ ಜಾಡಿನಲ್ಲಿ ಟೊಳ್ಳನ್ನು ಹಿಗ್ಗಿಸಿ, ಸುಮಾರು 8ರಿಂದ 12 ಮಿಲಿಮೀಟರ್ ದಪ್ಪದ ಉಕ್ಕಿನ ಅಥವಾ ಟೈಟೇನಿಯಮ್ಮಿನ ಸರಳನ್ನು ಕೂರಿಸಲಾಗುತ್ತದೆ. ಮೇಲೂ ಕೆಳಗೂ ಅಡ್ಡಲಾಗಿ ತಿರುಪುಗಳನ್ನು ಬಿಗಿದರೆ ಮೂಳೆ ಕುಗ್ಗುವುದಾಗಲಿ ತಿರುಗುವುದಾಗಲಿ ಸಾಧ್ಯವಿಲ್ಲ. ಮಂಡಿ ಅಥವಾ ಗಿಣ್ಣಿನ ಕೀಲಿಗೆ ಹತ್ತಿರವಾದ ಮುರಿತಗಳಿಗೆ ಲೋಹದ ಪಟ್ಟಿಯೇ ಹೆಚ್ಚು ಸೂಕ್ತವೆನಿಸುವುದುಂಟು.

ಚರ್ಮ ಸೀಳಿದ ಮುರಿತದ ಕಥೆಯೇ ಬೇರೆ. ಅಲ್ಲಿ ಮೊದಲ ಶತ್ರು ಸೋಂಕು. ಆಸ್ಪತ್ರೆ ತಲುಪಿದ ಕೂಡಲೇ ರಕ್ತನಾಳದ ಮೂಲಕ ಆಂಟಿಬಯೊಟಿಕ್ ಹಾಗೂ ಧನುರ್ವಾಯು ನಿರೋಧಕ ಚುಚ್ಚುಮದ್ದು ದೊರೆಯಬೇಕು. ಬಳಿಕ ಗಾಯವನ್ನು ಧಾರಾಳವಾಗಿ ತೊಳೆದು ಸತ್ತ ಅಂಗಾಂಶವನ್ನು ತೆಗೆಯಲಾಗುತ್ತದೆ. ಗಾಯ ದೊಡ್ಡದಿದ್ದರೆ ಕಾಲಿನ ಹೊರಗಿನಿಂದ ಸರಳುಗಳ ಚೌಕಟ್ಟನ್ನು ಜೋಡಿಸಿ, ಮೇಲೆ ಮಾಂಸ ಹೊದಿಸಲು ಪ್ಲಾಸ್ಟಿಕ್ ಸರ್ಜನರ ನೆರವು ಪಡೆಯಲಾಗುತ್ತದೆ. ಮೂಳೆಯ ತುಂಡೇ ಕಳೆದುಹೋಗಿದ್ದರೆ, ರಷ್ಯದ ಕುರ್ಗಾನಿನಲ್ಲಿ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ಬಳೆಗಳ ಚೌಕಟ್ಟಿನಿಂದ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಹೊಸ ಮೂಳೆಯನ್ನು ಬೆಳೆಸಬಹುದು. ಅದು ತಿಂಗಳುಗಟ್ಟಲೆ ತಾಳ್ಮೆಯನ್ನು ಬೇಡುವ ಚಿಕಿತ್ಸೆ.

ದುಡಿಯುವವನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಖರ್ಚಿನದು. ಪಿಂಪ್ರಿಯ ಸಂತ ತುಕಾರಾಮ ನಗರದಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ ಇದೆ. ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ಯೋಜನೆಯನ್ವಯ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಇ.ಎಸ್.ಐ. ವಿಮೆಯುಳ್ಳ ನೌಕರರು ಕೆಲಸಕ್ಕೆ ಹೋಗುವಾಗ ಅಥವಾ ಮರಳುವಾಗ ಗಾಯಗೊಂಡರೂ, ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಸ್ಥಾಪಿತವಾದರೆ ಉದ್ಯೋಗದ ಗಾಯದ ಸೌಲಭ್ಯಕ್ಕೆ ಅರ್ಹರು. ದಾಖಲಾತಿಯ ಹೊತ್ತಿಗೇ ಅಪಘಾತದ ವೇಳೆ, ಸ್ಥಳ ಮತ್ತು ಪಾಳಿಯ ವಿವರಗಳನ್ನು ಬರೆಯಿಸಿಕೊಳ್ಳುವುದು ಒಳಿತು. ತಿಂಗಳ ನಂತರ ಅವನ್ನು ಒದಗಿಸಲು ಪಡುವ ಪಾಡು ಬಹಳ.

ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮಂಡಿ, ಗಿಣ್ಣುಗಳ ವ್ಯಾಯಾಮ ಆರಂಭವಾಗುತ್ತದೆ. ಭಾರ ಹಾಕುವುದು ಯಾವಾಗ ಎಂಬುದನ್ನು ಮುರಿತದ ಸ್ವರೂಪವನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ನೋವು ನಿಂತಿತೆಂದು ಒಂದೂವರೆ ತಿಂಗಳಿಗೇ ಸಿಮೆಂಟಿನ ಚೀಲ ಹೊತ್ತರೆ ತಿರುಪು ಮುರಿಯಬಹುದು. ಬೀಡಿ ಸಿಗರೇಟುಗಳು ಮೂಳೆ ಕೂಡುವುದನ್ನು ನಿಶ್ಚಿತವಾಗಿ ತಡಮಾಡುತ್ತವೆ; ಮಧುಮೇಹವೂ ಹತೋಟಿಯಲ್ಲಿರಬೇಕು. ಮಂಡಿಯ ಮುಂಭಾಗದ ನೋವು ಹಲವರಿಗೆ ಉಳಿಯುತ್ತದೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವವರು ಇದನ್ನು ಮೊದಲೇ ವೈದ್ಯರೊಡನೆ ಚರ್ಚಿಸಬೇಕು.

ಸರಳನ್ನು ತೆಗೆಯಿಸಲೇಬೇಕೆಂಬ ನಿಯಮವಿಲ್ಲ. ತೊಂದರೆ ಕೊಡದಿದ್ದರೆ ಅದು ಜೀವನಪರ್ಯಂತ ಒಳಗೇ ಇರಬಹುದು. ತೊಂದರೆ ಕೊಟ್ಟರೆ ಮೂಳೆ ಪೂರ್ಣವಾಗಿ ಕೂಡಿದ ಮೇಲೆ, ಸಾಮಾನ್ಯವಾಗಿ ಒಂದು ಒಂದೂವರೆ ವರ್ಷದ ಬಳಿಕ, ತೆಗೆಯುತ್ತಾರೆ. ಸರಳಿನ ವಿವರವಿರುವ ಬಿಡುಗಡೆ ಪತ್ರವನ್ನು ಅಲ್ಲಿಯವರೆಗೂ ಜೋಪಾನವಾಗಿ ಇಟ್ಟುಕೊಂಡರೆ ಬೇರೆ ಊರಿನ ಶಸ್ತ್ರವೈದ್ಯರಿಗೂ ಸರಿಯಾದ ಉಪಕರಣವನ್ನು ಹೊಂದಿಸಿಕೊಳ್ಳಲು ಅನುಕೂಲವಾಗುತ್ತದೆ.